ಆಗ್ನೇಯ ಮೂಲೆಯ ವೈಫೈ

"ಗುರುಗಳೇ, ನಾಳೆ ಮೊದಲ ಸಲ ನಾನೊಬ್ಬನೇ ಹೋಗಿ ಒಂದು ಮನೆಯ ವಾಸ್ತು ನೋಡಬೇಕು. ಎಲ್ಲಕ್ಕಿಂತ ಮೊದಲು ಏನನ್ನು ನೋಡಲಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿ ಶಾಸ್ತ್ರ ಕೇಳಿ ಮನೆ ಕಟ್ಟಿಸಿದ. ಬೆಂಕಿ, ಕರೆಂಟು ಎಲ್ಲವೂ ಆಗ್ನೇಯದಲ್ಲಿರಬೇಕು; ಆದ್ದರಿಂದ ವೈಫೈ ಡಬ್ಬಿಯನ್ನು ಆ ಮೂಲೆಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಹಿಂದೆ ಇಟ್ಟ. ಮದುವೆಯಾಗದ ಹುಡುಗಿ ವಾಯವ್ಯದಲ್ಲಿದ್ದರೆ ಬೇಗ ಸಂಬಂಧ ಕೂಡಿಬರುತ್ತದೆ. ಆದ್ದರಿಂದ ಮಗಳನ್ನು ಎದುರು ಮೂಲೆಯ ಕೋಣೆಯಲ್ಲಿ ಕೂರಿಸಿದ. ಅವಳ ಕಂಪ್ಯೂಟರೂ ಕರೆಂಟಿನದೇ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮಗಳಿಗೆ ಗಣಿತದ ಹುಚ್ಚು. ದೊಡ್ಡ ಕಾಲೇಜೊಂದರ ಪ್ರವೇಶ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬೇಕಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇರಬೇಕು. ನಡುವೆ ಸಂಪರ್ಕ ಕಡಿದರೆ ಪರೀಕ್ಷೆ ಮುಗಿದಂತೆ. ಅವಳ ಕೋಣೆಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಂಬಂಧ ಕೂಡುವ ತನಕ ಬೇರೆ ಕೋಣೆಯಲ್ಲಿ ಕೂರುವಂತಿಲ್ಲ ಎಂದು ತಂದೆಯ ಕಟ್ಟಪ್ಪಣೆ.

ವ್ಯಾಪಾರಿ ರಿಪೇರಿಯವನನ್ನು ಕರೆಸಿದ. ಅವನು ಮನೆಯೆಲ್ಲ ಸುತ್ತಿ ನೋಡಿ ಹೇಳಿದ:

"ಡಬ್ಬಿ ಚೆನ್ನಾಗೇ ಇದೆ ಸಾರ್. ಫ್ರಿಜ್ ಹಿಂದಿಂದ ನಾಲ್ಕು ಗೋಡೆ ದಾಟಿ ಹೋಗೋದು ಕಷ್ಟ. ನಡುಮನೇಲಿಡಿ, ಎಲ್ಲಾ ಕಡೆ ಸಿಗತ್ತೆ."

"ನಡುಮನೆ ಬ್ರಹ್ಮಸ್ಥಾನ ಕಣಯ್ಯಾ. ಅಲ್ಲಿ ಒಂದು ಸ್ಟೂಲ್ ಕೂಡ ಇಡೋ ಹಾಗಿಲ್ಲ."

"ಒಂದೇ ದಿನ ಇಡಿ ಅಪ್ಪಾ," ಎಂದಳು ಮಗಳು. ಅಪ್ಪ ಕೇಳಿಸದವನಂತೆ ಎದ್ದುಹೋದ.

ಮಗಳ ಮೇಲೆ ಪ್ರೀತಿ ಇಲ್ಲದೆ ಇರಲಿಲ್ಲ. ಸಿಗ್ನಲ್ ಹೆಚ್ಚಿಸುವ ಇನ್ನೊಂದು ಡಬ್ಬಿ ತಂದ. ಅದನ್ನೂ ಆಗ್ನೇಯದಲ್ಲೇ, ಮೊದಲಿನದರ ಪಕ್ಕದಲ್ಲೇ ಇಟ್ಟ!

ಪರೀಕ್ಷೆಯ ದಿನ ನಲವತ್ತನೇ ನಿಮಿಷಕ್ಕೆ ಪರದೆ ನಿಂತುಹೋಯಿತು. ಸಂಪರ್ಕ ಮರಳಿ ಬಂದಾಗ ಪರೀಕ್ಷೆ ಮುಗಿದಿದೆ ಎಂದು ಬರೆದಿತ್ತು. ಹುಡುಗಿ ಫೋನು ಹಿಡಿದು ನಡುಮನೆಗೆ ಬಂದು ನಿಂತಳು. ಖಾಲಿ ನೆಲದ ಮೇಲೆ ಸಿಗ್ನಲ್ ತುಂಬಿಕೊಂಡಿತ್ತು. ಅವಳು ಅಳಲಿಲ್ಲ. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡು ತಿಂಗಳಲ್ಲಿ ಅವಳ ಮದುವೆಯಾಯಿತು. ವಾಯವ್ಯದ ಕೋಣೆ ಕೈಬಿಡಲಿಲ್ಲ ಎಂದು ವ್ಯಾಪಾರಿ ಇಂದಿಗೂ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಮಗಳು ಅವನೊಡನೆ ಮಾತು ಬಿಟ್ಟಿದ್ದಾಳೆ.

ಶಿಷ್ಯನಿಗೆ ಸಿಟ್ಟು ಬಂತು. "ಅಂಥವನಿಗೆ ಈ ಶಾಸ್ತ್ರ ಹೇಳಿಕೊಟ್ಟ ಮಹಾನುಭಾವ ಯಾರು ಗುರುಗಳೇ?"

"ನಾನೇ. ಕೋಣೆಗಳನ್ನೆಲ್ಲ ಅಳೆದೆ, ಅಲ್ಲಿ ಕೂರುವವಳನ್ನು ಒಂದು ಮಾತು ಕೇಳಲಿಲ್ಲ."