ಬೇವಿನ ಗಿಡಕ್ಕೆ ಕಾವಲು ಕೂತ ಕುಲಪತಿ

ವಿಶ್ವವಿದ್ಯಾಲಯದ ಗೇಟಿಗೆ ‘ಹಸಿರು ಕ್ಯಾಂಪಸ್’ ಅಂತ ದೊಡ್ಡ ಬೋರ್ಡು ಬಂತು. ಹಳೇ ಬೇವಿನ ಗಿಡ ಅದಕ್ಕೆ ಅಡ್ಡ.

“ನಾಳೆ ಪರಿಸರ ಸಮಿತಿ ನೋಡಾಕ ಬರ್ತದ. ಈಗಲೇ ಕಡಿ. ನಾನೇ ಕೂತು ನೋಡ್ತೀನಿ,” ಅಂದರು ಕುಲಪತಿಗಳು.

ಆ ಗಿಡ ನೆಟ್ಟಿದ್ದೇ ಮಾಲಿ ಹುಸೇನಪ್ಪ. ಆದರೂ ಕೊಡಲಿ ತಂದ, ಕುರ್ಚಿಯನ್ನೂ ತಂದು ಬಿಸಿಲಲ್ಲಿ ಹಾಕಿದ. ಬಿಸಿಲುನಾಡಿನ ಮೇ ತಿಂಗಳು. ಕುಲಪತಿಗಳು ಕೂತ ಕೂಡಲೇ ಎದ್ದರು.

“ನೆರಳಿಗೆ ಹಾಕೋ!”

“ನೆರಳಿರೋದು ಈ ಗಿಡದ ಬುಡಕ್ಕಷ್ಟ ಸಾಹೇಬ್ರ. ಉಳಿದ ಗಿಡ ಪಾರ್ಕಿಂಗಿಗೆ ಹೋದವು. ಕೂಡ್ರಿ, ನೀವು ಎದ್ದ ಮ್ಯಾಲೆ ಕಡೀತೀನಿ.”

ಕುಲಪತಿಗಳು ಕೂತರು. ತಂಪು ಗಾಳಿ ಬೀಸಿತು. ಎರಡು ಗಂಟೆಯಾದರೂ ಏಳಲಿಲ್ಲ. ಹುಸೇನಪ್ಪ ಕೊಡಲಿ ಹಿಡಿದು ನಿಂತೇ ಇದ್ದ.

ಕೊನೆಗೆ ಅವರು ಗೊಣಗಿದರು: “ಆ ಬೋರ್ಡು ಆಚೆ ಸರಿಸು.”

“ಕುರ್ಚಿ ಒಳಗ ಒಯ್ಯಲೇನ್ರಿ?”

“ಬ್ಯಾಡ. ಇಲ್ಲೇ ಇರಲಿ.”