ಕೊನೆ ಸಾಲಿಲ್ಲದ ಹಾಡು ಮತ್ತು ಬಾವಿಯೊಳಗಿನ ಎಮ್ಮೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರಿನ ಹೆಸರು ನನಗೆ ಗೊತ್ತಿತ್ತು. ಹೆಬ್ಬಾಗಿಲಲ್ಲಿ ಕೇಳಿದಾಗ ಮೂರು ಸಲ ತಪ್ಪು ಹೇಳಿದೆ, ಊರು ಬಾಗಿಲು ಹಾಕಿಕೊಂಡಿತು. ಅದಿರಲಿ. ಎಲ್ಲರೂ ನನ್ನ ಬಲಗಡೆ ಬಂದು ಕೂತುಕೊಳ್ಳಿ. ಎಡಗಿವಿಗೆ ಬೇರೆ ಕೆಲಸ ಇದೆ, ಅದೇನು ಅಂತ ಕೊನೆಗೆ ಹೇಳುತ್ತೇನೆ.

ಆ ರಾಜನಿಗೆ ಯುದ್ಧ ಬೇಡ, ಬೇಟೆ ಬೇಡ, ಎರಡನೇ ರಾಣಿಯೂ ಬೇಡ. ಬೇಕಾಗಿದ್ದು ಒಂದೇ, ನಿಲ್ಲುವ ಸಭೆ. ದಿನಾ ಬೆಳಗ್ಗೆ ಆಸ್ಥಾನದವರೆಲ್ಲ ಸುತ್ತಲೂ ನಿಲ್ಲಬೇಕು. ರಾಜ ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಕೇಳಬೇಕು. ನಿನ್ನೆ ಏನು ಮಾಡಿದೆ? ಇವತ್ತು ಏನು ಮಾಡುತ್ತೀಯೆ? ಅಡ್ಡಿ ಏನಾದರೂ ಇದೆಯೆ? ಅಡ್ಡಿ ಹೇಳಿದರೆ ಸಂಜೆಯೊಳಗೆ ತೆಗೆಸುತ್ತಿದ್ದ. ಅಡುಗೆಯವನು ಹೊಗೆ ಅಡ್ಡಿ ಅಂದ. ಒಲೆ ಆರಿಸಿದರು. ಸೇನಾಪತಿ ಕುದುರೆಗೆ ಗುಡ್ಡ ಅಡ್ಡಿ ಅಂದ. ಕುದುರೆಯನ್ನು ಓಡಿಸಿದರು. ಅಂದು ರಾತ್ರಿ ಎಲ್ಲರೂ ಹಸಿ ಅಕ್ಕಿ ತಿಂದು ಮಲಗಿದರು. ರಾಜನಿಗೆ ಮಾತ್ರ ಒಳ್ಳೆ ನಿದ್ದೆ.

ಆ ಅರಮನೆಗೆ ಸಾಫ್ಟ್‌ವೇರ್ ಬರೆಯುವವನು ಚಿಕ್ಕಲಿಂಗ. ಬೆಳಗ್ಗೆ ಏಳರಿಂದ ಎಂಟರವರೆಗೆ, ಯಾರೂ ಏಳುವ ಮುಂಚೆ, ಒಬ್ಬನೇ ಕೂತು ಕೆಲಸ ಮಾಡುತ್ತಿದ್ದ. ಆ ಒಂದು ಗಂಟೆಯಲ್ಲಿ ದಿನಕ್ಕೊಂದು ಸಣ್ಣ ವಿಷಯ ಕಂಡುಹಿಡಿಯುತ್ತಿದ್ದ. ಒಂದು ದಿನ ಕಂಡಿದ್ದು: ಕೆಟ್ಟಿದ್ದನ್ನೆಲ್ಲ ಕಾಫಿ ಲೋಟದ ಎದುರು ಕೂತು ವಿವರಿಸಿದರೆ ಲೋಟ ಸುಮ್ಮನಿರುತ್ತದೆ, ತಪ್ಪು ತಾನೇ ನಾಚಿಕೊಂಡು ಈಚೆಗೆ ಬರುತ್ತದೆ. ಇನ್ನೊಂದು ದಿನ ಕಂಡಿದ್ದು: ಯಂತ್ರ ಆರಿಸಿ, ಬೆನ್ನು ತಿರುಗಿಸಿ ನಿಂತು, ಮತ್ತೆ ಹಚ್ಚಿದರೆ ಅದಕ್ಕೆ ಸಿಟ್ಟು ಇಳಿದಿರುತ್ತದೆ. ಮಿಕ್ಕ ದಿನ ಕಾಣುತ್ತಿದ್ದದ್ದು ಹಾಡಿನ ಒಂದೊಂದು ಸಾಲು. ಕೆಲಸ ಮಾಡುತ್ತಾ ಗುನುಗುತ್ತಿದ್ದ, ಗುನುಗುತ್ತಾ ಸಾಲು ಸಿಗುತ್ತಿತ್ತು. ಒಟ್ಟು ಹದಿನಾರು ಸಾಲಿನ ಹಾಡು. ಹದಿನೈದು ಸಿಕ್ಕಿತ್ತು.

"ಕೊನೆ ಸಾಲೊಂದು ಸಿಕ್ಕಿಬಿಡಲಿ" ಅಂತ ಅವನು ತನ್ನ ಕೀಬೋರ್ಡಿಗೆ ಹೇಳುತ್ತಿದ್ದ. "ನಾನು ಬರೆದ ಸಾಫ್ಟ್‌ವೇರೆಲ್ಲ ಮೂರು ವರ್ಷಕ್ಕೆ ಕಸ. ಇದೊಂದು ಉಳಿಯುತ್ತೆ."

"ಮೊದಲು ನನ್ನ ಮೇಲಿರೋ ಅವಲಕ್ಕಿ ಒರೆಸು" ಅಂದಿತು ಕೀಬೋರ್ಡು.

ಅಷ್ಟರಲ್ಲಿ ರಾಜ ಸಭೆಯನ್ನು ಏಳು ಗಂಟೆಗೆ ಇಟ್ಟ. ಚಿಕ್ಕಲಿಂಗನ ಗಂಟೆ ಹೋಯಿತು. ಅವನೂ ಹೋಗಿ ನಿಂತ.

"ನಿನ್ನೆ ಏನು ಮಾಡಿದೆ?"

"ಇಲ್ಲಿ ನಿಂತಿದ್ದೆ, ಮಹಾಸ್ವಾಮಿ."

"ಇವತ್ತು?"

"ನಿಂತಿದ್ದೇನೆ."

"ಅಡ್ಡಿ?"

"ಇದೇ."

ರಾಜ ಸಿಂಹಾಸನದಿಂದ ಇಳಿದು ಬಂದು ಚಿಕ್ಕಲಿಂಗನನ್ನು ತಬ್ಬಿಕೊಂಡ. ಅಷ್ಟು ದೊಡ್ಡ ಅಡ್ಡಿಯನ್ನು ಯಾರೂ ತಂದಿರಲಿಲ್ಲ. ಅದನ್ನು ತೆಗೆಯುವುದು ಹೇಗೆ ಅಂತ ವಿಚಾರಿಸಲು ಎಂಟು ಗಂಟೆಗೆ ಇನ್ನೊಂದು ಸಭೆ ಇಟ್ಟ. ಎಂಟರ ಸಭೆ ಸರಿಯಾಗಿ ನಡೆಯುತ್ತಿದೆಯೆ ಅಂತ ನೋಡಲು ಒಂಬತ್ತಕ್ಕೆ ಒಂದು. ಒಂಬತ್ತರದ್ದನ್ನು ಕೇಳಲು ಹತ್ತಕ್ಕೆ ಒಂದು. ವಾರ ಕಳೆಯುವಷ್ಟರಲ್ಲಿ ಸೂರ್ಯ ಸಭೆಯಲ್ಲೇ ಹುಟ್ಟಿ ಸಭೆಯಲ್ಲೇ ಮುಳುಗುತ್ತಿದ್ದ. ನಿಂತು ನಿಂತು ಮಂತ್ರಿಯ ಮಂಡಿ ಹಿಂದಕ್ಕೆ ತಿರುಗಿತು.

ಚಿಕ್ಕಲಿಂಗ ರಾಜನ ಕಾಲು ಹಿಡಿದ. "ನನ್ನ ಗಂಟೆ ನನಗೆ ಕೊಟ್ಟುಬಿಡಿ, ಮಹಾಸ್ವಾಮಿ."

"ಬದಲಿಗೆ ಏನು ಕೊಡ್ತೀಯೆ?"

"ನನ್ನ ಹತ್ತಿರ ಏನಿದೆ? ಒಂದು ಹಾಡು. ಅದೂ ಪೂರ್ತಿಯಾಗಿಲ್ಲ."

"ಪೂರ್ತಿಯಾಗಿರೋದು ಈ ಅರಮನೆಯಲ್ಲಿ ಯಾವುದಿದೆ? ಕೊಡು."

ತಾಮ್ರಪತ್ರ ಬರೆಸಿದರು. ಇನ್ನು ಮೇಲೆ ಹಾಡು ರಾಜನದು. ಚಿಕ್ಕಲಿಂಗ ಅದನ್ನು ಗುನುಗಬಾರದು. ಒಂದು ಸ್ವರ ತಿದ್ದಬೇಕಾದರೂ ಅರಮನೆಗೆ ಫೋನು ಮಾಡಿ ಅಪ್ಪಣೆ ಪಡೆಯಬೇಕು. ಸಭೆಯಲ್ಲಿ ಅವನ ಜಾಗ ರದ್ದು, ಗಂಟೆ ವಾಪಸ್ಸು.

ರಾಜ ಆ ಹಾಡನ್ನು ಏನು ಮಾಡಿದ ಗೊತ್ತೆ? ದೂರು ಹೇಳಲು ಫೋನು ಮಾಡುವ ಪ್ರಜೆಗಳಿಗೆ ಕಾಯುವಾಗ ಬೇಸರ ಆಗಬಾರದು ಅಂತ ಫೋನಿನೊಳಗೆ ಹಾಕಿಸಿದ. "ಹಾಡು ಮುಗಿದ ಕೂಡಲೇ ಫೋನು ಎತ್ತತಕ್ಕದ್ದು. ಅದಕ್ಕಿಂತ ಒಂದು ಕ್ಷಣ ಹೆಚ್ಚು ಕಾಯಿಸಿದರೆ ತಲೆದಂಡ" ಅಂತ ಅಪ್ಪಣೆ ಮಾಡಿದ. ಒಳ್ಳೆಯ ರಾಜ, ಸುಳ್ಳು ಹೇಳಬಾರದು.

ಹಾಡನ್ನು ಫೋನಿನ ಸಾಫ್ಟ್‌ವೇರಿನೊಳಗೆ ಬರೆಯುವ ಕೆಲಸ ಚಿಕ್ಕಲಿಂಗನಿಗೇ ಬಿತ್ತು. ಹದಿನೈದು ಸಾಲು ಬರೆದ. ಹದಿನಾರನೆಯದರ ಜಾಗದಲ್ಲಿ, ಆ ಕಸುಬಿನವರೆಲ್ಲ ಬರೆಯುವುದನ್ನೇ ಬರೆದ: "ಇದು ಆಮೇಲೆ. ಸದ್ಯಕ್ಕೆ ಮೊದಲ ಸಾಲಿಗೆ ಹೋಗು."

"ಲಿಂಗಣ್ಣ" ಅಂದಿತು ಕೀಬೋರ್ಡು, "ಆಮೇಲೆ ಅಂತ ಬರೆದು ಹೋದೋರು ಒಬ್ಬರೂ ವಾಪಸ್ ಬಂದಿದ್ದು ನಾನು ಕಂಡಿಲ್ಲ."

"ಸುಮ್ನಿರೋ. ನಾಳೆ ನನ್ನ ಗಂಟೆ ಬರುತ್ತೆ. ಕೂತು ಮುಗಿಸ್ತೀನಿ."

ಬರೆದು ಮುಗಿಸಿದ ಕೂಡಲೇ, ಅಪ್ಪಣೆಯಿಲ್ಲದೆ ಇನ್ನೊಂದು ಅಕ್ಷರ ಸೇರಬಾರದು ಅಂತ, ಅರಮನೆಯವರು ಬಂದು ಕೀಬೋರ್ಡಿನ ಬಾಯಿಗೆ ಅರಗಿನ ಮುದ್ರೆ ಒತ್ತಿದರು.

ಮರುದಿನ ಇಬ್ಬರು ಕಾವಲುಗಾರರು ಗಂಟೆಯನ್ನು ಬಿದಿರು ಬುಟ್ಟಿಯಲ್ಲಿ ಹೊತ್ತು ತಂದರು. ಬುಟ್ಟಿಯಿಂದ ಇಳಿದು ಗಂಟೆ ಕೇಳಿತು, "ಬಂದೆ. ಏನು ಮಾಡೋಣ?"

"ಹಾಡಿನ ಕೊನೆ ಸಾಲು ಹುಡುಕೋಣ."

"ನೀನು ಗುನುಗಬಾರದಂತಲ್ಲ."

"ಗುನುಗದೆ ಹುಡುಕೋಣ."

ಇಬ್ಬರೂ ಎದುರುಬದುರು ಕೂತರು. ಚಿಕ್ಕಲಿಂಗ ತುಟಿ ಅಲ್ಲಾಡಿಸಿದರೆ ಕಾವಲುಗಾರರು ಕೆಮ್ಮುತ್ತಿದ್ದರು. ಗಂಟೆ ಅರವತ್ತು ಸಲ ಆಕಳಿಸಿ, "ನಾನಿನ್ನು ಹೊರಟೆ" ಅಂತ ಬುಟ್ಟಿ ಹತ್ತಿತು. ದಿನಾ ಇದೇ ಆಯಿತು.

ಇತ್ತ ಪಕ್ಕದ ಬೀದಿಯ ದೊಡ್ಡತಾಯಮ್ಮನ ಎಮ್ಮೆ ಬಾವಿಗೆ ಬಿತ್ತು. ಅವಳು ಅರಮನೆಗೆ ಫೋನು ಮಾಡಿದಳು. ಹಾಡು ಬಂತು. ಹದಿನೈದು ಸಾಲು ಆಯಿತು, ಮತ್ತೆ ಮೊದಲ ಸಾಲು ಬಂತು. ಮತ್ತೆ ಹದಿನೈದು, ಮತ್ತೆ ಒಂದು. ಇಟ್ಟರೆ ಸರದಿ ಹೋಗುತ್ತದೆ ಅಂತ ಫೋನನ್ನು ಸೆರಗಿನಲ್ಲಿ ಕಿವಿಗೆ ಕಟ್ಟಿಕೊಂಡಳು. ಎಮ್ಮೆಗೆ ಹಗ್ಗದಲ್ಲಿ ಹುಲ್ಲು ಇಳಿಸಿದಳು. ಎಮ್ಮೆ ಬಾವಿಯಲ್ಲೇ ಕರು ಹಾಕಿತು. ಕರುವಿಗೆ ಕೊಂಬು ಬಂತು.

ಅರಮನೆಯಲ್ಲಿ ಮಂತ್ರಿ ಹಿಂದುಮುಂದಾದ ಮಂಡಿಯ ಮೇಲೆ ನಿಂತು ವರದಿ ಕೊಟ್ಟ. "ಒಂದು ವರ್ಷದಿಂದ ಒಂದು ದೂರೂ ಬಂದಿಲ್ಲ, ಮಹಾಸ್ವಾಮಿ." ರಾಜ ಆನಂದಬಾಷ್ಪ ಒರೆಸಿಕೊಂಡು "ದೂರಿಲ್ಲದ ರಾಜ್ಯ" ಅಂತ ಕಲ್ಲು ಕೆತ್ತಿಸಿದ. ಕಲ್ಲಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ಹೇಳಲು ಕಲ್ಲುಕುಟಿಗ ಫೋನು ಮಾಡಿದ. ಅವನೂ ಕಾಯುತ್ತಿದ್ದಾನೆ.

ದೊಡ್ಡತಾಯಮ್ಮ ಕಿವಿಗೆ ಫೋನು ಕಟ್ಟಿಕೊಂಡೇ ಚಿಕ್ಕಲಿಂಗನ ಮನೆಗೆ ಬಂದಳು. "ಲೋ ಲಿಂಗ, ಈ ಹಾಡು ನಿಂದಂತೆ?"

"ಆಗಿತ್ತು, ದೊಡ್ಡಮ್ಮ."

"ಚೆನ್ನಾಗೈತೆ ಕಣೋ. ಮೊದಲನೇ ದಿನ ಕೇಳಿ ಕಣ್ಣಲ್ಲಿ ನೀರು ಬಂತು. ಈಗ ಕೇಳಿದ್ರೆ ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತದೆ."

ಚಿಕ್ಕಲಿಂಗ ಏನಾದರೂ ಮಾಡೋಣ ಅಂತ ಅವಳ ಜೊತೆ ಬಾವಿಗೆ ಹೋದ. ಎಮ್ಮೆಗೂ ಬೇಸರ ಆಗಬಾರದು ಅಂತ ಅವಳು ಫೋನನ್ನು ಜೋರು ಮಾಡಿ ಬಾವಿಕಟ್ಟೆಯ ಮೇಲಿಟ್ಟಳು. ಹದಿಮೂರನೇ ಸಾಲು ಬಂತು. ಹದಿನಾಲ್ಕನೆಯದು ಬಂತು. ಹದಿನೈದನೆಯದು ಮುಗಿದು ಮೊದಲನೆಯದಕ್ಕೆ ಹೊರಳುವ ಆ ಚೂರು ಸಂದಿನಲ್ಲಿ, ಕತ್ತಲ ತಳದಿಂದ ಎಮ್ಮೆ ಒಮ್ಮೆ ಕೂಗಿತು.

ಚಿಕ್ಕಲಿಂಗ ಬಾವಿಕಟ್ಟೆ ಹಿಡಿದು ಒಳಕ್ಕೆ ಬಗ್ಗಿದ. "ಅದೇ, ದೊಡ್ಡಮ್ಮ. ಅದೇ ಸಾಲು."

"ಎಮ್ಮೆಗೆ ಹೊಳೆದಿದ್ದು ನಿನಗೆ ಹೊಳೀಲಿಲ್ವೇನೋ?"

"ಅದಕ್ಕೆ ಸಭೆಯೂ ಇರಲಿಲ್ಲ, ತಾಮ್ರಪತ್ರವೂ ಇರಲಿಲ್ಲ."

ಓಡಿದ. ಅರಮನೆಯ ಬಾಗಿಲಲ್ಲಿ ಕಾವಲುಗಾರ ಈಟಿ ಅಡ್ಡ ಹಿಡಿದ.

"ಹಾಡು ಮುಗೀತು ಕಣಪ್ಪಾ. ಒಂದೇ ಸಾಲು ಸೇರಿಸಿದರೆ ಎಲ್ಲರ ಫೋನೂ ಎತ್ತಬಹುದು. ರಾಜರನ್ನ ಕೇಳಬೇಕು, ಬಿಡು."

"ರಾಜರು ಸಭೆಯಲ್ಲಿ ನಿಂತವ್ರೆ. ಅಲ್ಲಿ ನಿಮ್ಮ ಜಾಗ ರದ್ದಾಗೈತೆ. ತಾಮ್ರಪತ್ರದಲ್ಲಿ ಏನೈತೋ ಹಂಗೆ ಮಾಡಿ ಸ್ವಾಮಿ. ಫೋನು ಮಾಡಿ."

ಚಿಕ್ಕಲಿಂಗ ಫೋನು ಮಾಡಿದ. ಅವನ ಹಾಡು ಅವನ ಕಿವಿಗೆ ಬಂತು. ಫೋನು ಎತ್ತಿದರೆ ಹಾಡು ಮುಗಿಸಬಹುದು. ಹಾಡು ಮುಗಿದರೆ ಫೋನು ಎತ್ತುತ್ತಾರೆ. ಹದಿನೈದನೇ ಸಾಲು ಬಂದಾಗಲೆಲ್ಲ ಅವನು ಹದಿನಾರನೆಯದನ್ನು ಎಮ್ಮೆಯ ಹಾಗೇ ಫೋನಿನೊಳಕ್ಕೆ ಕೂಗುತ್ತಾನೆ. ಫೋನು ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ಮೊದಲ ಸಾಲು. ಅವನ ಗಡ್ಡ ಬಾಗಿಲಿನ ಮೆಟ್ಟಿಲು ಇಳಿದಿದೆ. ದಿನಾ ಏಳಕ್ಕೆ ಅವನ ಗಂಟೆ ಬುಟ್ಟಿಯಲ್ಲಿ ಬಂದು, ಪಕ್ಕದಲ್ಲಿ ಕೂತು, ಎಂಟಕ್ಕೆ ಹೋಗುತ್ತದೆ.

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತೀರಾ? ಊರು ಬಾಗಿಲು ಹಾಕಿಕೊಂಡಿತು ಅಂದೆನಲ್ಲ, ಅದನ್ನು ತೆಗೆಸಿ ಅಂತ ನಾನೂ ಫೋನು ಮಾಡಿದ್ದೇನೆ. ಎಡಗಿವಿಯಲ್ಲಿ ಇರೋದು ಅದೇ, ಲೈನಿನಲ್ಲಿ ಕಾಯುವವರ ಮಾತೆಲ್ಲ ಅದರಲ್ಲಿ ಕೇಳಿಸುತ್ತೆ. ಒಳ್ಳೆಯ ಹಾಡು.

ಕತೆಗೆ ನೀತಿ ಬೇಕಲ್ಲವೆ? ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹಾಂ, ಸಿಕ್ಕಿತು. "ನೀತಿ ಆಮೇಲೆ" ಅಂತಿದೆ.

ಎಮ್ಮೆ ಅಲ್ಲಿ ಬಾವಿಯಲ್ಲಿ ಸುಖವಾಗಿದೆ, ನಾವು ಇಲ್ಲಿ ಲೈನಿನಲ್ಲಿ ಇದ್ದೇವೆ. ಸ್ವಲ್ಪ ಸುಮ್ಮನಿರಿ, ಹದಿನೈದನೇ ಸಾಲು ಬರುತ್ತಿದೆ.