ಮಾರಿದವನ ಹೆಸರು ಕೇಳದ ಪೇಟೆ

"ಗುರುಗಳೇ, ಯಾರೂ ಬಾಯಿ ಬಿಡದಿದ್ದರೂ ಪೇಟೆಗೆ ಎಲ್ಲವೂ ಹೇಗೆ ತಿಳಿದುಬಿಡುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ. ಮಠಕ್ಕೆ ಬರುವ ಮುನ್ನ ಅವನು ಪೇಟೆಯಲ್ಲೇ ಬೆಳೆದವನು. ಪೇಟೆಯ ಚಪಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಗುರು ನಕ್ಕು ಈ ಕತೆ ಹೇಳಿದರು.

ಒಂದು ನಗರದಲ್ಲಿ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವ ತಂಡವೊಂದಿತ್ತು. ಅಲ್ಲಿಯ ಜನ ಆಟ ನೋಡಿ ಸುಮ್ಮನೆ ಮನೆಗೆ ಹೋಗುವವರಲ್ಲ. ಆಟದ ಮೇಲೊಂದು ಪೇಟೆಯನ್ನೇ ಕಟ್ಟಿದ್ದರು. ಅಲ್ಲಿ ಮಾರಾಟಕ್ಕಿದ್ದದ್ದು 'ನಮ್ಮ ತಂಡ ಗೆಲ್ಲುತ್ತದೆ' ಎಂಬ ಚೀಟಿ. ತಂಡ ಗೆದ್ದರೆ ಚೀಟಿಗೆ ನೂರು ರೂಪಾಯಿ, ಸೋತರೆ ಸೊನ್ನೆ. ಆಟ ಮುಗಿಯುವವರೆಗೆ ಯಾರು ಬೇಕಾದರೂ ಕೊಳ್ಳಬಹುದು, ಮಾರಬಹುದು, ಹೆಸರು ಕೇಳುವವರಿಲ್ಲ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತಿತ್ತು, ಮಾರುವವರು ಹೆಚ್ಚಿದರೆ ಇಳಿಯುತ್ತಿತ್ತು. ಚೀಟಿ ಎಪ್ಪತ್ತಕ್ಕೆ ಹೋಗುತ್ತಿದೆ ಎಂದರೆ ಗೆಲುವಿನ ಮೇಲೆ ಊರಿನ ನಂಬಿಕೆ ನೂರಕ್ಕೆ ಎಪ್ಪತ್ತು ಪಾಲು ಎಂದರ್ಥ. ಆ ಬೆಲೆಯನ್ನು ಆಟದಂಗಳದ ಬಾಗಿಲಲ್ಲೇ ದೊಡ್ಡ ಹಲಗೆಯ ಮೇಲೆ ಬರೆಯುತ್ತಿದ್ದರು.

ಆ ತಂಡದ ಮುಖ್ಯ ಆಟಗಾರ ಒಬ್ಬ ಬೆಲ್ಲದ ವ್ಯಾಪಾರಿಯ ಮಗ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ವ್ಯಾಪಾರಿಯ ಮಗನೋ ನಿಜಕ್ಕೂ ಚೆನ್ನಾಗಿ ಆಡುವವನು. ಇನ್ನು ಕೇಳಬೇಕೇ? ವ್ಯಾಪಾರಿ ಹೆಮ್ಮೆಯಿಂದ ಗಲ್ಲಾಪೆಟ್ಟಿಗೆ ಬರಿದು ಮಾಡಿ ಮಗನ ತಂಡದ ಚೀಟಿ ಕೊಂಡ.

ಕೊನೆಯ ಪಂದ್ಯದ ದಿನ ಬೆಳಿಗ್ಗೆ ಮಗ ಬಂದು ಪಕ್ಕದಲ್ಲಿ ಕುಳಿತ.

"ಅಪ್ಪಾ, ಮೊಣಕಾಲು ಮಡಚೋಕೆ ಆಗ್ತಿಲ್ಲ. ಪಟ್ಟಿ ಬಿಗಿದುಕೊಂಡು ಹೇಗಾದರೂ ಆಡ್ತೀನಿ. ನಿನಗೊಬ್ಬನಿಗೇ ಹೇಳ್ತಿರೋದು. ಗೊತ್ತಾದ್ರೆ ನನ್ನನ್ನ ಹೊರಗೆ ಕೂರಿಸ್ತಾರೆ."

ವ್ಯಾಪಾರಿ ಮಗನ ತಲೆಯ ಮೇಲೆ ಕೈಯಿಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ.

ಅವನು ಆಣೆ ತಪ್ಪುವ ಮನುಷ್ಯನಲ್ಲ. ಹೆಂಡತಿಗೂ ಹೇಳಲಿಲ್ಲ. ಆದರೆ ಮಗ ಎದ್ದು ಹೋದ ಮೇಲೆ ಚೀಟಿಗಳ ನೆನಪಾಯಿತು. ಸೋಲುತ್ತದೆಂದು ಗೊತ್ತಿದ್ದೂ ಸರಕು ಇಟ್ಟುಕೊಂಡು ಕೂರುವುದು ವ್ಯಾಪಾರಿಯ ಜಾಯಮಾನವಲ್ಲ. ಪೇಟೆಗೆ ಹೋದ, ಅಷ್ಟನ್ನೂ ಮಾರಿದ, ತುಟಿ ಪಿಟಕ್ಕೆನ್ನದೆ ಮನೆಗೆ ಬಂದ. ಬೆಲೆ ಕುಸಿಯಿತು. ಯಾರಿಗೋ ಏನೋ ಗೊತ್ತಿರಬೇಕು ಎಂದುಕೊಂಡು ಉಳಿದವರೂ ಮಾರತೊಡಗಿದರು.

ಸಂಜೆ ಹಲಗೆಯ ಮೇಲೆ ಮೂವತ್ತು ಎಂದಿತ್ತು. ತಂಡದ ತರಬೇತುದಾರ ಅದನ್ನು ನೋಡಿದ. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಅವನಿಗೆ ಅನುಮಾನ. ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಓಡಿಸಿದ. ವ್ಯಾಪಾರಿಯ ಮಗ ಕುಂಟಿದ. ಅವನನ್ನು ಹೊರಗೆ ಕೂರಿಸಿದರು. ತಂಡ ಸೋತಿತು.

ಮೊದಲು ಮಾರಿದವನು ಯಾರೆಂದು ಊರಿಗೆ ಕೊನೆಗೂ ತಿಳಿಯಲಿಲ್ಲ. ತಿಳಿದದ್ದು ಬೆಂಚಿನ ಮೇಲೆ ಕುಳಿತ ಮಗನೊಬ್ಬನಿಗೆ ಮಾತ್ರ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಆ ತಂದೆ ಆಣೆ ಮುರಿಯಲಿಲ್ಲವಲ್ಲ, ಗುರುಗಳೇ. ಯಾರಿಗೂ ಏನನ್ನೂ ಹೇಳಲಿಲ್ಲ."

"ಹೌದು," ಎಂದರು ಗುರು. "ಆಮೇಲೆ ಮಗನೂ ಅವನಿಗೆ ಏನನ್ನೂ ಹೇಳಲಿಲ್ಲ."